ಎರಡನೆಯ ಗರಗರ

ಟೈಲರನ ತಟ್ಟೆ ಹಾಕಿದ ಭಾನುವಾರವೇ ನನಗೆ ನಮ್ಮ ಯಜಮಾನರ ಮೇಲೆ ಮೊದಲ ಸಲ ಅನುಮಾನ ಬಂದದ್ದು. ತಟ್ಟೆ ಅಂದರೆ ಗ್ರಾಮಫೋನ್ ತಟ್ಟೆ. ನಮ್ಮ ಮನೆಯಲ್ಲಿ ಆ ಮಾತಿಗೆ ಬೇರೆ ಅರ್ಥವಿಲ್ಲ. ಊಟಕ್ಕೆ ಬೇಕಾದರೆ "ಊಟದ ತಟ್ಟೆ" ಎಂದು ಬಿಡಿಸಿ ಕೇಳಬೇಕು, ಇಲ್ಲದಿದ್ದರೆ ಕೈಗೆ ಇನ್ನೇನೋ ಬರುತ್ತದೆ.

ಹಳೆಯ ಮೆಷಿನ್ನು, ಹಳೆಯ ತಟ್ಟೆ, ತಟ್ಟೆಗೂ ಮುಂಚೆ ಹಾಡು ತುಂಬಿಸುತ್ತಿದ್ದ ಮೇಣದ ಉರುಳೆ ಕೂಡಿಹಾಕುವ ಹುಚ್ಚು ಇರುವ ಏಳೆಂಟು ಜನ ಭಾನುವಾರ ಬೆಳಿಗ್ಗೆ ವಾಚನಾಲಯದ ಮಹಡಿಯಲ್ಲಿ ಸೇರುತ್ತಾರೆ. ಇವರದೊಂದು ಪದ್ಧತಿ ಇದೆ. ಯಾರಾದರೂ ತಟ್ಟೆ ಕೊಳ್ಳುವ ಮುಂಚೆ ಅದನ್ನು ಎಲ್ಲರ ಮುಂದೆ ಹಾಕಬೇಕು. ಹಾಡಿಗೆ ಯಾರೂ ಕಾಯುವುದಿಲ್ಲ, ಹಾಡಿಗೆ ಮುಂಚೆ ಮುಳ್ಳು ತಟ್ಟೆಗೆ ಉಜ್ಜುವ ಗರಗರಕ್ಕೆ ಕಾಯುತ್ತಾರೆ. ಅಸಲಿ ತಟ್ಟೆಯಲ್ಲಿ ಗರಗರ ಒಂದೇ. ಯಾರೋ ಹಳೆಯ ತಟ್ಟೆಯನ್ನು ನುಡಿಸಿ ಅದರಿಂದ ನಕಲು ಇಳಿಸಿಕೊಂಡು ಅಚ್ಚು ಹಾಕಿದ್ದರೆ ಗರಗರ ಎರಡು. ಮೊದಲು ಕೇಳುವುದು ನಕಲಿನದು. ಹಾಡು ಬರುವುದಕ್ಕೆ ಒಂದು ಉಸಿರು ಮುಂಚೆ ಅದರ ಕೆಳಗಿನಿಂದ ಅಸಲಿನ ಸವೆದ ಗರಗರ ಬಂದು ಸೇರಿಕೊಳ್ಳುತ್ತದೆ. ನಮ್ಮ ನಲ್ಲಿ ಸುರಿಯುತ್ತಿರುವಾಗ ಮೇಲಿನ ಮನೆಯವರೂ ನಲ್ಲಿ ಬಿಟ್ಟರೆ ಗೊತ್ತಾಗುತ್ತದಲ್ಲ, ಹಾಗೆ.

ಹೇಳಿದಷ್ಟು ಸುಲಭವಲ್ಲ ಅದು. ಅದಕ್ಕೇ ಅವರೆಲ್ಲ ನಮ್ಮ ಯಜಮಾನರ ಕೈ ನೋಡುತ್ತಾರೆ. ಇವರು ಗ್ರಾಮಫೋನಿನ ಕಹಳೆಯ ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು ಒಂದು ಬೆರಳು ಎತ್ತಿದರೆ ಅಸಲಿ, ಎರಡು ಎತ್ತಿದರೆ ನಕಲು. ಮೇಲ್ಮನವಿ ಇಲ್ಲ. ಇವರಿಗೆ ಅಲ್ಲಿ ಹೆಸರೇ "ಕಿವಿ". ಚಿಕ್ಕವರು ಕಿವಿಯಣ್ಣ ಅನ್ನುತ್ತಾರೆ, ದೊಡ್ಡವರು ಕಿವಿಯವರು ಅನ್ನುತ್ತಾರೆ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮೆಷಿನ್ ನಡೆಸಿ ನಿವೃತ್ತರಾದ ಮನುಷ್ಯನಿಗೆ ಬದುಕಿನಲ್ಲಿ ಸಿಕ್ಕ ಬಿರುದು ಅದೊಂದೇ, ಸಂಬಳವಿಲ್ಲದ್ದು.

ಆ ದಿನ ಗುಂಪಿನಲ್ಲೊಬ್ಬನಾದ ಟೈಲರನ ಮುಖ ಮದುವೆ ಗಂಡಿನ ಹಾಗಿತ್ತು. ಹಳೆಯ ಸಾಮಾನಿನ ದಲ್ಲಾಳಿಯ ಹತ್ತಿರ ಆತ ಆ ತಟ್ಟೆ ನೋಡಿಟ್ಟಿದ್ದ. ತನ್ನ ಎರಡು ಒಳ್ಳೆಯ ಮೆಷಿನ್ನು ಕೊಟ್ಟು ಅದೊಂದನ್ನು ತೆಗೆದುಕೊಳ್ಳುವವನಿದ್ದ. ಮುಳ್ಳು ಇಟ್ಟರು. ಎಲ್ಲರೂ ಉಸಿರು ಹಿಡಿದರು. ನಾನು ಕಿಟಕಿಯ ಪಕ್ಕದ ಬೆಂಚಿನಲ್ಲಿ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಒಂದು ಗರಗರ ಕೇಳಿತು. ಆಮೇಲೆ ಅದರ ಕೆಳಗೆ ಇನ್ನೊಂದು. ನನಗೇ ಕೇಳಿತು ಅಂದರೆ ನೋಡಿ. ಮೂವತ್ತು ವರ್ಷ ಇವರ ಜೊತೆ ಬಾಳಿದ್ದಕ್ಕೆ ಹೂವಿನ ಜೊತೆ ನಾರಿಗೂ ಸ್ವಲ್ಪ ವಾಸನೆ ಬಂದಿತ್ತು.

ಇವರು ಕಣ್ಣು ಬಿಟ್ಟು, ಟೈಲರನ ಮುಖ ನೋಡಿ, ಒಂದೇ ಬೆರಳು ಎತ್ತಿದರು.

ಟೈಲರ್ ಓಡಿಬಂದು ಇವರ ಕೈ ಹಿಡಿದುಕೊಂಡ. ದಲ್ಲಾಳಿ ಮೂಲೆಯಲ್ಲಿ ನಿಂತು ಮೀಸೆಯಲ್ಲೇ ನಕ್ಕ. ಆ ದಲ್ಲಾಳಿಗೆ ಎಲ್ಲರೂ ಸೂಜಿ ಅನ್ನುತ್ತಾರೆ; ಆಳೂ ಸಪೂರ, ಮಾರುವುದೂ ಗ್ರಾಮಫೋನಿನ ಸೂಜಿ, ಚುಚ್ಚುವುದೂ ಹಾಗೆಯೇ. ಆ ನಗು ನನಗೆ ಹಿಡಿಸಲಿಲ್ಲ.

ಮನೆಗೆ ನಡೆದು ಬರುವಾಗ ಪಕ್ಕದಲ್ಲೇ ಕೇಳಿದೆ, "ರೀ, ಎರಡು ಇತ್ತಲ್ರೀ?"

"ಹೂಂ, ಬೇಗ ನಡಿ," ಅಂದರು.

ಇದೇನು ಉತ್ತರ? ಮನೆಯೊಳಗೆ ಬಂದು ಚೀಲ ಇಟ್ಟು ಎದುರಿಗೆ ನಿಂತು ಮತ್ತೆ ಕೇಳಿದೆ. "ಟೈಲರ್ ತಟ್ಟೇಲಿ ಎರಡು ಗರಗರ ಇತ್ತು. ನೀವು ಒಂದು ಬೆರಳು ಎತ್ತಿದ್ರಿ."

ಇವರ ಮುಖ ಕೆಂಪಾಯಿತು. "ನನಗೇ ಪಾಠ ಹೇಳ್ತೀಯಾ? ನಾನೇನು ದುಡ್ಡು ತಿಂದು ಹೇಳಿದ್ನಾ?"

ದುಡ್ಡಿನ ಮಾತು ನಾನು ಎತ್ತಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ನಾನು ಕಳ್ಳ ಅನ್ನುವುದಕ್ಕೆ ಮೊದಲೇ ಹೆಗಲು ಮುಟ್ಟಿಕೊಂಡಾಗಿತ್ತು.

ನನ್ನದು ಅನುಮಾನದ ಜಾತಕ ಎಂದು ನಮ್ಮತ್ತೆ ಇರುವ ತನಕ ಹೇಳುತ್ತಿದ್ದರು. ತರಕಾರಿಯವನು ತಕ್ಕಡಿ ಎತ್ತಿದರೆ ನಾನು ಅವನ ಹೆಬ್ಬೆರಳು ನೋಡುತ್ತೇನೆ. ನಾನು ಕೆಲಸ ಮಾಡುವ ಹಲ್ಲಿನ ಕ್ಲಿನಿಕ್ಕಿನ ಡಾಕ್ಟರರು "ಏನೂ ನೋವಾಗಲ್ಲ" ಎಂದರೆ ಹಿಂದಿನ ಕೋಣೆಯಲ್ಲಿ ಹಲ್ಲಿನ ಸೆಟ್ಟು ಉಜ್ಜುತ್ತಾ ಕೂತ ನಾನು ಒಳಗೊಳಗೇ ನಗುತ್ತೇನೆ. ಆದರೆ ಇವರನ್ನು ಯಾವತ್ತೂ ಅನುಮಾನಿಸಿದವಳಲ್ಲ. ಅದು ಪತಿಭಕ್ತಿ ಅಂತಲ್ಲ. ಸುಳ್ಳು ಹೇಳಿ ದಕ್ಕಿಸಿಕೊಳ್ಳುವಷ್ಟು ಜಾಣತನ ಈ ಪುಣ್ಯಾತ್ಮನಿಗೆ ಎಲ್ಲಿಂದ ಬರಬೇಕು ಎಂಬ ಧೈರ್ಯ ಅಷ್ಟೆ.

ಒಂದು ಸಲ ಅನುಮಾನ ಹೊಕ್ಕರೆ ಮನೆಯಲ್ಲಿ ಕಂಡದ್ದೆಲ್ಲ ಸಾಕ್ಷಿಯೇ. ಇವರು ಈಚೆಗೆ ಫೋನು ಎತ್ತುವುದನ್ನು ಬಿಟ್ಟಿದ್ದರು. ಕೈಗೆ ಕೊಟ್ಟರೂ "ನೀನೇ ಮಾತಾಡು, ನನಗೆ ಕೆಲಸ ಇದೆ" ಎಂದು ದೂರ ಸರಿಯುತ್ತಿದ್ದರು. ಯಾರ ಫೋನಿಗೆ ಹೆದರುತ್ತಿದ್ದಾರೆ? ಊಟಕ್ಕೆ ಕೂತಾಗ ಪಕ್ಕದಲ್ಲಿ ಕೂರುತ್ತಿದ್ದವರು ಎದುರು ಕೂತು ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಏನು ಒದರಿಬಿಡುತ್ತೇನೋ ಎಂದು ಕಾಯುತ್ತಿದ್ದಾರಾ? ಮಧ್ಯಾಹ್ನ ಮೆಷಿನ್ನುಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮೊದಲೆಲ್ಲ ಬಾಗಿಲು ತೆರೆದಿಟ್ಟು, ಬೀದಿಗೆಲ್ಲ ಹಾಡು ಕೇಳಿಸಿ, ಪಕ್ಕದ ಮನೆಯಾಕೆ ಬಂದು ಜಗಳ ಆಡಿ ಹೋಗುವುದು ವಾಡಿಕೆಯಾಗಿತ್ತು. ಮಾತು ಕೇಳದಿರುವುದೊಂದನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಇವರ ಮುಂದೆ ನನ್ನ ಮಾತು ಮದುವೆಯಾದ ಲಾಗಾಯ್ತಿನಿಂದ ಕೋಣನ ಮುಂದೆ ಕಿನ್ನರಿಯೇ. ಹೊಸದೇನಿದೆ ಅದರಲ್ಲಿ?

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಹೂವಿನ ಕಹಳೆಯ ಮೆಷಿನ್ನು. ಕಹಳೆ ಅಂದರೆ ಹಾಗೇ ಅರಳಿದ ಹೂವಿನ ಎಸಳಿನಂತೆ, ಒಳಗೆ ಕೈಯಲ್ಲಿ ಬರೆದ ಬಳ್ಳಿ. ನೋಡಲು ಬೇರೆ ಊರುಗಳಿಂದ ಜನ ಬರುತ್ತಿದ್ದರು. ಅದರ ಮೇಲೆ ಕೂತ ನೊಣವನ್ನು ಓಡಿಸಲು ಹೋದರೂ "ಉಸಿರು ತಾಗಿಸಬೇಡ, ಪಾಲಿಶ್ ಹೋಗುತ್ತೆ" ಎಂದು ನನ್ನ ಮೇಲೆ ಹಾರುತ್ತಿದ್ದ ಮನುಷ್ಯ, ಅದನ್ನೇ ಸೂಜಿಗೆ ಕೊಟ್ಟು ಒಂದು ಸಣ್ಣ ಮೇಣದ ಉರುಳೆ ಮೆಷಿನ್ನು ತಂದರು. ಅದಕ್ಕೆ ಕಹಳೆಯೇ ಇಲ್ಲ. ಡಾಕ್ಟರರ ಸ್ಟೆತಾಸ್ಕೋಪಿನ ಹಾಗೆ ಎರಡು ರಬ್ಬರ್ ಕೊಳವೆ. ಕಿವಿಗೆ ಸಿಕ್ಕಿಸಿಕೊಂಡು ಒಬ್ಬರೇ ಕೇಳಬೇಕು. ಆನೆ ಕೊಟ್ಟು ಅದರ ಬಾಲದ ಕೂದಲು ತಂದ ಹಾಗಾಯಿತು. ಮಿಕ್ಕಿದ್ದು ಎಲ್ಲಿ ಹೋಯಿತು?

ನನ್ನ ತಲೆಯಲ್ಲಿ ಲೆಕ್ಕ ಕೂಡಿತು. ಸೂಜಿ ನಕಲು ತರುತ್ತಾನೆ, ಇವರು ಒಂದು ಬೆರಳು ಎತ್ತುತ್ತಾರೆ, ಆಮೇಲೆ ಇಬ್ಬರಿಗೂ ಪಾಲು.

ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಕ್ಲಿನಿಕ್ಕಿನ ಊಟದ ಬಿಡುವಿನಲ್ಲಿ ಸೂಜಿಯ ಅಂಗಡಿಗೆ ಹೋದೆ. ಹಳೆ ಸಾಮಾನಿನ ಬೀದಿಯಲ್ಲಿ ಅದೊಂದು ಕಿರಿದಾದ ಗೂಡು. ಮೇಲೆ ಮಾಡಿನಿಂದ ಕಹಳೆಗಳನ್ನು ತಲೆಕೆಳಗಾಗಿ ನೇತುಹಾಕಿದ್ದಾನೆ, ಕೆಳಗೆ ಗ್ರೀಸು ಮೆತ್ತಿದ ಸ್ಪ್ರಿಂಗಿನ ಡಬ್ಬಿಗಳು. ನಮ್ಮ ಹೂವಿನ ಕಹಳೆ ಅಲ್ಲೇ, ಗಾಜಿನ ಹಿಂದೆ ಮದುವಣಗಿತ್ತಿಯಂತೆ ಕೂತಿತ್ತು. ನೋಡಿ ನನಗೆ ಅಳುವೇ ಬಂತು.

"ಬನ್ನಿ ಅಕ್ಕಾ, ಕೂತ್ಕೊಳ್ಳಿ. ಆ ಸ್ಟೂಲ್ ಬೇಡ, ಅದರ ಕಾಲು ಮುರಿದಿದೆ."

"ಕೂರೋಕೆ ಬಂದಿಲ್ಲ. ಇದನ್ನ ಕೊಟ್ಟು ನಮ್ಮೋರು ನಿನ್ನ ಹತ್ರ ಏನು ತಗೊಂಡ್ರು?"

"ನಿಮ್ಮನೇಲೇ ಇದೆಯಲ್ಲ, ಆ ಕೊಳವೆ ಮೆಷಿನ್ನು."

"ಅದೊಂದೇನಾ?"

"ಅದೊಂದೇ ಅಕ್ಕಾ. ನಿಮಗೆ ನಷ್ಟ ಆಗುತ್ತೆ ಸಾರ್ ಅಂತ ನಾನೇ ಹೇಳ್ದೆ. ಗಿರಾಕಿಗೆ ನಾನು ಹಾಗೆ ಹೇಳಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಅದು ಬೇಕೇ ಬೇಕು ಅಂತ ಹಠ ಹಿಡಿದ್ರು."

"ಟೈಲರ್‌ಗೆ ಕೊಟ್ಟಿದ್ದು ಅಸಲಿ ತಟ್ಟೇನಾ?"

ಸೂಜಿ ಕೈಯಲ್ಲಿದ್ದ ಬಟ್ಟೆಯಿಂದ ಒಂದು ತಟ್ಟೆ ಒರೆಸುತ್ತಾ ನಕ್ಕ. "ನಾನು ಯಾವತ್ತಾದ್ರೂ ಅಸಲಿ ಅಂದಿದ್ದೀನಾ ಅಕ್ಕಾ? ನಾನು ಬರೀ ತಟ್ಟೆ ಅಂತೀನಿ. ಅಸಲಿ ಅನ್ನೋರು ನಿಮ್ಮ ಯಜಮಾನರು."

ಕೆನ್ನೆಗೆ ಬಾರಿಸಬೇಕು ಅನಿಸಿತು. ಆದರೆ ಅವನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸು ಹೊರಟೆ.

ಅನುಮಾನ ನನ್ನೊಬ್ಬಳದೇ ಅಲ್ಲ ಎಂದು ಗೊತ್ತಾದದ್ದು ಅದೇ ವಾರ. ಗುಂಪಿಗೆ ಹಿರಿಯರಾದ ಮೇಷ್ಟ್ರು ಹಲ್ಲಿನ ಸೆಟ್ಟು ಒತ್ತುತ್ತದೆ ಎಂದು ಕ್ಲಿನಿಕ್ಕಿಗೆ ಬಂದರು. ಸೆಟ್ಟು ಬಿಚ್ಚಿ ನನ್ನ ಕೈಗೆ ಕೊಟ್ಟು, ಬೋಳು ಬಾಯಲ್ಲೇ ಪಿಸುಗುಟ್ಟಿದರು.

"ತಾಯೀ, ನಿಮ್ಮ ಯಜಮಾನರು ಎರಡು ಬೆರಳು ಎತ್ತಿ ಎಷ್ಟು ಕಾಲ ಆಯ್ತು?"

ನಾನು ಸೆಟ್ಟನ್ನು ಉಜ್ಜುವ ಚಕ್ರಕ್ಕೆ ಹಿಡಿದೆ. ಸದ್ದಿನಲ್ಲಿ ಉತ್ತರ ಕೊಡುವುದು ತಪ್ಪಿತು. ಮೇಷ್ಟ್ರು ಬಿಡಬೇಕಲ್ಲ. ಚಕ್ರ ನಿಲ್ಲುವ ತನಕ ಕಾದರು. "ಟೈಲರ್ ತಟ್ಟೇನ ಬೇರೆ ಊರಲ್ಲಿ ಗೊತ್ತಿರೋರಿಗೆ ಕೊಟ್ಟು ಕಳಿಸಿದ್ದೀವಿ. ಈ ಭಾನುವಾರ ಉತ್ತರ ಬರುತ್ತೆ. ನಿಮಗೂ ತಿಳಿದಿರ್ಲಿ ಅಂತ ಹೇಳ್ದೆ." ಸೆಟ್ಟು ಹಾಕಿಕೊಂಡು, ಕಟಕಟ ಕಡಿದು ನೋಡಿ, "ಈಗ ಸರಿಯಾಗಿದೆ" ಎಂದು ಹೊರಟುಹೋದರು.

ಇನ್ನು ಇಲಿಯ ವಿಷಯ. ಇವರು ಇದ್ದಕ್ಕಿದ್ದ ಹಾಗೆ ಬೋನು ತಂದು ಮೆಷಿನ್ನುಗಳ ಕೋಣೆಯಲ್ಲಿ ಇಟ್ಟಿದ್ದರು. ಕೊಳವೆ ಮೆಷಿನ್ನಿನ ಮರದ ಪೆಟ್ಟಿಗೆಯ ಅಂಚನ್ನು ಇಲಿ ಕಡಿದಿದೆಯಂತೆ. ನಮ್ಮ ಮನೆಯಲ್ಲಿ ಇಲಿ ಕಂಡು ಯಾವ ಕಾಲವಾಯಿತೋ. ಇವರು ವಾಚನಾಲಯಕ್ಕೆ ಹೋಗಿದ್ದಾಗ ನಾನು ಕೋಣೆಗೆ ಹೊಕ್ಕು ದೀಪ ಹಾಕಿ ನೋಡಿದೆ. ಅಂಚಿನಲ್ಲಿ ಗುರುತು ಇದ್ದದ್ದು ನಿಜ. ಮೇಲೆ ಒಂದು ಸಾಲು, ಕೆಳಗೆ ಒಂದು ಸಾಲು, ಎರಡೂ ಬಾಗಿದ ಸಾಲು. ದಿನಾ ಬೆಳಗಾದರೆ ಜನರ ಹಲ್ಲಿನ ಅಚ್ಚು ನೋಡುವವಳು ನಾನು. ಯಾವ ಇಲಿಗೆ ಇಷ್ಟಗಲದ ದವಡೆ ಇದೆ?

ಮರುದಿನ ಕ್ಲಿನಿಕ್ಕಿನಿಂದ ಗುಲಾಬಿ ಮೇಣದ ಒಂದು ಹಾಳೆ ತಂದೆ. ಕಚ್ಚಿಸಿ ಅಚ್ಚು ತೆಗೆಯುವುದಕ್ಕೆ ನಾವು ಬಳಸುವ ಮೇಣ ಅದು. ಬಿಸಿನೀರಿನಲ್ಲಿ ಮೆದು ಮಾಡಿ ಆ ಗುರುತುಗಳ ಮೇಲೆ ಒತ್ತಿ, ತಣ್ಣಗಾದ ಮೇಲೆ ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದೆ. ಕೆಳಸಾಲಿನ ನಡುವೆ ಒಂದು ಹಲ್ಲು ಪಕ್ಕಕ್ಕೆ ತಿರುಗಿ, ಪಕ್ಕದ ಹಲ್ಲಿನ ಹೆಗಲ ಮೇಲೆ ಒರಗಿದ ಹಾಗಿತ್ತು.

ಆ ಹಲ್ಲು ನನಗೆ ಗೊತ್ತು. ಹೆಣ್ಣು ನೋಡಲು ಬಂದಾಗ ಮುಖ ಎತ್ತಲು ನಾಚಿಕೆಯಾಗಿ ನಾನು ಮೊದಲು ನೋಡಿದ್ದೇ ಆ ಸೊಟ್ಟ ಹಲ್ಲನ್ನು.

ಅರ್ಥವಾಗಲಿಲ್ಲ. ಗಂಡ ಕಳ್ಳನಾದರೆ ಹೇಗೆ ಬೈಯಬೇಕು ಎಂದು ಯೋಚಿಸಿ ಇಟ್ಟುಕೊಂಡಿದ್ದೆ. ಗಂಡ ಪೆಟ್ಟಿಗೆ ಕಚ್ಚಿದರೆ ಏನು ಮಾಡುವುದು? ತಲೆ ಕೆಟ್ಟಿದೆಯಾ? ನಾನು ಉಸಿರು ತಾಗಿಸಿದರೆ ಹಾರಾಡುವವರು, ನೂರು ವರ್ಷದ ಮರವನ್ನು ಹಸಿದ ನಾಯಿಯ ಹಾಗೆ ಕಚ್ಚುವುದು ಅಂದರೇನು? ಮೇಣದ ಅಚ್ಚನ್ನು ಚೀಲದ ತಳದಲ್ಲಿ ಅಡಗಿಸಿಟ್ಟೆ. ಈಗ ನೋಡಿದರೆ ಕಳ್ಳಿಯ ಹಾಗೆ ನಡೆದುಕೊಳ್ಳುತ್ತಿದ್ದವಳು ನಾನೇ.

ಶನಿವಾರ ಡಾಕ್ಟರರಿಗೆ ನೆಗಡಿಯಾಗಿ ಕ್ಲಿನಿಕ್ಕು ಅರ್ಧ ದಿನಕ್ಕೇ ಮುಚ್ಚಿತು. ನಾನು ಮಧ್ಯಾಹ್ನವೇ ಮನೆಗೆ ಬಂದೆ. ಮೆಷಿನ್ನುಗಳ ಕೋಣೆಯ ಬಾಗಿಲು ಮುಂದಕ್ಕೆ ಎಳೆದಿತ್ತು, ಚಿಲಕ ಹಾಕಿರಲಿಲ್ಲ. ಸಂದಿಯಿಂದ ನೋಡಿದೆ.

ಇವರು ನೆಲದ ಮೇಲೆ ಮಂಡಿಯೂರಿ ಕೂತಿದ್ದರು. ಮೇಣದ ಉರುಳೆ ತಿರುಗುತ್ತಿತ್ತು. ರಬ್ಬರ್ ಕೊಳವೆಗಳು ಕಿವಿಯಲ್ಲಿ ಇರಲಿಲ್ಲ, ಪಕ್ಕಕ್ಕೆ ಜೋತಾಡುತ್ತಿದ್ದವು. ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಪೆಟ್ಟಿಗೆ ತಬ್ಬಿ, ಅದರ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದರು. ಬಾಯಿಯ ಕೊನೆಯಿಂದ ಜೊಲ್ಲು ಇಳಿದು ಗದ್ದಕ್ಕೆ ಬಂದಿತ್ತು. ಎಡಗೈಯ ಬೆರಳು ಮಾತ್ರ ಮರದ ಮೇಲೆ ಮೆಲ್ಲಗೆ ತಾಳ ಹಾಕುತ್ತಿತ್ತು.

"ರೀ," ಅಂದೆ.

ತಿರುಗಲಿಲ್ಲ.

"ರೀ!" ಬಾಗಿಲು ತಳ್ಳಿ ಒಳಗೆ ಬಂದೇ ಕೂಗಿದೆ. ತಾಳ ನಿಲ್ಲಲಿಲ್ಲ. ಸಿಟ್ಟು ನೆತ್ತಿಗೇರಿ, ಈ ಜನ್ಮದಲ್ಲಿ ಇವರಿಗೆ ಬೈಯದ ಒಂದು ಬೈಗುಳ ಬೈದೆ. ಅದನ್ನು ಇಲ್ಲಿ ಹೇಳುವ ಹಾಗಿಲ್ಲ. ಬೆನ್ನಿನ ಹಿಂದೆ ಎರಡು ಮಾರು ದೂರದಲ್ಲಿ ನಿಂತು ಹಾಗೆ ಬೈದರೂ ಆ ಬೆನ್ನು ಅಲುಗಲಿಲ್ಲ.

ಆಗ ನನ್ನ ಸಿಟ್ಟೆಲ್ಲ ಕಾಲಿನಿಂದ ಇಳಿದು ಹೋಯಿತು. ಫೋನು, ಊಟಕ್ಕೆ ಎದುರು ಕೂರುವುದು, ರಬ್ಬರ್ ಕೊಳವೆ, ಒಂದೇ ಬೆರಳು, ಎಲ್ಲವೂ ಒಂದೊಂದಾಗಿ ಬಂದು ಅದರ ಅದರ ಜಾಗದಲ್ಲಿ ಕೂತವು. ಪ್ರೆಸ್ಸಿನ ಮೆಷಿನ್ನುಗಳು ಅಷ್ಟು ವರ್ಷ ಬಡಿದ ಕಿವಿ. ಕೊಳವೆಯಿಂದಲೂ ಕೇಳದೆ, ಕೊನೆಗೆ ಮರದ ಅದುರು ಹಲ್ಲಿನಿಂದ ತಲೆಬುರುಡೆಗೆ ಹತ್ತುವಷ್ಟೇ ಇವರ ಪಾಲಿಗೆ ಉಳಿದ ಹಾಡು. ನನಗೆ ಬಂದ ದುಃಖಕ್ಕೆ ಅಳು ಸಾಲದು. ಇಷ್ಟು ದಿನ ಒಬ್ಬರೇ ಹೀಗೆ ಮಂಡಿಯೂರಿದ್ದಾರಲ್ಲ. ನನಗೆ ಹೇಳಬಾರದಿತ್ತಾ ಎಂದು ಕೋಪವೂ ಬಂತು.

ಸದ್ದಿಲ್ಲದೆ ಹಿಂದಕ್ಕೆ ಹೋದೆ. ಸದ್ದಿಲ್ಲದೆ ಹೋಗಬೇಕಾದ ಅಗತ್ಯವೇನಿತ್ತೋ. ಹೊರಗಿನ ಬಾಗಿಲ ತನಕ ಹೋಗಿ, ಆಮೇಲೆ ಕೋಣೆಯ ಕಡೆಗೆ ಕಾಲು ಅಪ್ಪಳಿಸಿ ನಡೆದು ಬಂದೆ. ಹಳೆಯ ಹಲಗೆಯ ನೆಲ, ಚೆನ್ನಾಗಿ ಅದುರುತ್ತದೆ. ನಾನು ಬಾಗಿಲಿಗೆ ಬರುವಷ್ಟರಲ್ಲಿ ಇವರು ಎದ್ದು ಕರವಸ್ತ್ರದಿಂದ ಬಾಯಿ ಒರೆಸಿಕೊಳ್ಳುತ್ತಿದ್ದರು.

"ಇಲಿ ಕಾಟ ಜಾಸ್ತಿ ಆಯ್ತು," ಅಂದರು.

"ಹೌದು, ಜಾಸ್ತಿ ಆಯ್ತು," ಅಂದೆ.

ಹೇಳಿಬಿಡೋಣ ಎಂದು ಸಂಜೆಯೆಲ್ಲ ಬಾಯಿ ತುದಿಗೆ ಬಂತು. ನನಗೆ ಗೊತ್ತು ಅಂದರೆ ಈ ಮನುಷ್ಯ ನಾಳೆ ವಾಚನಾಲಯದ ಮೆಟ್ಟಿಲು ಹತ್ತುವುದಿಲ್ಲ, ಆಮೇಲೆ ಮನೆಯ ಮೆಟ್ಟಿಲನ್ನೂ ಇಳಿಯುವುದಿಲ್ಲ ಎಂದು ಹೆದರಿ ನುಂಗಿಕೊಂಡೆ. ಬೆಳಿಗ್ಗೆ ನನಗೆ ಜ್ವರ ಅಂತ ಹೇಳಿ ಮನೆಯಲ್ಲೇ ಇರೋಣ ಅಂದೆ. ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಾಗಿತ್ತು.

ಮಹಡಿಯ ಕೋಣೆಯಲ್ಲಿ ಆ ದಿನ ಯಾವ ಮೆಷಿನ್ನಿಗೂ ಕೀಲಿ ಕೊಟ್ಟಿರಲಿಲ್ಲ. ಕುರ್ಚಿಗಳನ್ನು ಗುಂಡಗೆ ಹಾಕಿದ್ದರು. ಟೈಲರನ ತಟ್ಟೆ ಕಾಗದದ ಚೀಲದೊಳಗೆ ಮೇಜಿನ ನಡುವೆ ಇತ್ತು. ಸೂಜಿಯನ್ನೂ ಕರೆಸಿದ್ದರು. ಮೇಷ್ಟ್ರು ಎದ್ದು ನಿಂತು, ನೇರವಾಗಿ ಇವರ ಮುಖ ನೋಡುತ್ತಾ, ತರಗತಿಯಲ್ಲಿ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದರು.

"ಕಿವಿಯವರೇ, ಇದು ನಕಲು ಅಂತ ಉತ್ತರ ಬಂದಿದೆ. ನೀವು ಒಂದು ಬೆರಳು ಎತ್ತಿದ್ರಿ. ಇದೊಂದೇ ಅಲ್ಲ, ಈಚೆಗೆ ನೀವು ಒಂದು ಬೆರಳು ಎತ್ತಿದ ಇನ್ನೂ ಮೂರು ತಟ್ಟೆ ನಕಲೇ. ನಿಮ್ಮ ಹೂವಿನ ಕಹಳೆ ಸೂಜಿ ಅಂಗಡೀಲಿದೆ. ಬೆಂಕಿ ಇಲ್ಲದೆ ಹೊಗೆ ಆಡಲ್ಲ. ನೀವೇ ಹೇಳಿ."

ಆಗ ಟೈಲರ್ ಎದ್ದ. ಮೋಸ ಹೋದವನು ಅವನು. ಸಿಟ್ಟು ಇರಬೇಕಾದದ್ದು ಅವನಿಗೆ. ಆದರೂ ಇವರ ಮುಂದೆ ಕುರ್ಚಿ ಎಳೆದುಕೊಂಡು ಕೂತು, ಮಂಡಿಯ ಮೇಲೆ ಕೈ ಇಟ್ಟ.

"ಅಣ್ಣಾ, ನೀವು ಹಾಗೆ ಮಾಡೋರಲ್ಲ. ನನಗೆ ಗೊತ್ತು. ಕಿವಿಗೆ ಏನಾದ್ರೂ ತೊಂದರೆ ಆಗಿದೆಯಾ? ವಯಸ್ಸಾದ ಮೇಲೆ ಯಾರಿಗೂ ತಪ್ಪಿದ್ದಲ್ಲ. ನನಗೇ ಈಗ ಸೂಜಿಗೆ ದಾರ ಪೋಣಿಸೋಕೆ ಬರಲ್ಲ, ಹೆಂಡತಿ ಪೋಣಿಸಿಕೊಡ್ತಾಳೆ. ಹಾಗಿದ್ರೆ ಹೇಳಿಬಿಡಿ. ತಟ್ಟೆ ಹೋದ್ರೆ ಹೋಯ್ತು, ನನಗೆ ಒಂದು ಚೂರೂ ಬೇಜಾರಿಲ್ಲ."

ಹೇಳಿ, ಹೇಳಿಬಿಡಿ ಎಂದು ನಾನು ಚೀಲದ ಹಿಡಿಯನ್ನು ಹಿಂಡಿದೆ. ಬಾಗಿಲು ತೆರೆದು ಹಿಡಿದಿದ್ದ ಆ ಪುಣ್ಯಾತ್ಮ. ಒಳಗೆ ಕಾಲಿಟ್ಟರೆ ಸಾಕಿತ್ತು.

ಇವರು ಟೈಲರನ ತುಟಿಯನ್ನು ಕೊನೆಯ ತನಕ ನೋಡಿದರು. ಕತ್ತು ನೇರ ಮಾಡಿದರು.

"ನನ್ನ ಕಿವಿಗೆ ಏನೂ ಆಗಿಲ್ಲ," ಅಂದರು. "ಎರಡು ಗರಗರ ಚೆನ್ನಾಗಿ ಕೇಳಿಸ್ತು. ನಿನಗಿಂತ ಮೊದಲೇ ಕೇಳಿಸ್ತು. ಸೂಜಿ ಕೊಡೋದು ಕೊಟ್ಟ. ಒಂದು ಬೆರಳು ಎತ್ತಿದೆ."

"ಅಯ್ಯೋ, ದೇವರಾಣೆ ನಾನು ಏನೂ ಕೊಟ್ಟಿಲ್ಲ!" ಎಂದು ಸೂಜಿ ಎದ್ದು ನಿಂತು ಬಡಿದುಕೊಂಡ. ಅವನು ಹುಟ್ಟಿದಾಗಿನಿಂದ ಆಡಿದ ಅಪ್ಪಟ ಸತ್ಯ ಅದು. ಒಬ್ಬರೂ ನಂಬಲಿಲ್ಲ.

ಟೈಲರ್ ಇವರ ಮಂಡಿಯ ಮೇಲಿನಿಂದ ಕೈ ತೆಗೆದ. ಅವನ ಕಣ್ಣಲ್ಲಿ ನೀರು ತುಂಬಿತು. ಇವರು ಆ ಮುಖ ನೋಡಲಾರದೆ ಕಿಟಕಿಯ ಕಡೆ ತಿರುಗಿ ಕೂತುಬಿಟ್ಟರು. ಆಗ ಮೇಷ್ಟ್ರು ನನ್ನ ಕಡೆ ನೋಡಿದರು.

"ನಿಮಗೆ ಇದು ಗೊತ್ತಿತ್ತೇನಮ್ಮಾ?"

ನನ್ನ ನಾಲಗೆಯ ಮೇಲೆ ಎರಡು ಉತ್ತರ ಇದ್ದವು. ಇವರು ಕಳ್ಳರಲ್ಲ ಕಣ್ರಪ್ಪಾ, ಕಿವುಡರು ಅಂದುಬಿಟ್ಟರೆ ಆ ಕ್ಷಣವೇ ಮರ್ಯಾದೆ ವಾಪಸು, ಟೈಲರನ ಕೈ ಮತ್ತೆ ಆ ಮಂಡಿಯ ಮೇಲೆ. ಆದರೆ ಇವರು ತಮಗೆ ಬೇಕಾದದ್ದನ್ನು ಆಗಲೇ ಆರಿಸಿಕೊಂಡಿದ್ದರು. ಕಿವಿ ಹೋದ ಕಿವಿಯಣ್ಣ ಆಗುವುದಕ್ಕಿಂತ, ಕಿವಿ ಇರುವ ಕಳ್ಳ ಆಗುವುದು ವಾಸಿ ಅನಿಸಿತ್ತು ಆ ಮೊಂಡು ಮನುಷ್ಯನಿಗೆ. ನನಗೆ ಸಿಟ್ಟು ಬಂತು, ಅವಮಾನವಾಯಿತು, ಎದ್ದು ಹೋಗಿ ಆ ಎರಡೂ ಕಿವಿ ಹಿಂಡಬೇಕು ಅನಿಸಿತು. ಅಷ್ಟೇ ಪ್ರೀತಿಯೂ ಬಂತು, ಸುಳ್ಳೇಕೆ ಹೇಳಲಿ.

"ಗೊತ್ತಿತ್ತು," ಅಂದೆ.

ಟೈಲರ್ ನನ್ನನ್ನು ನೋಡಿದ ನೋಟ ಸಾಯುವ ತನಕ ಮರೆಯಲಾರೆ. ಬಾಯ್ತುಂಬ ಅತ್ತಿಗೆ ಎಂದು ಕರೆಯುತ್ತಿದ್ದವನು. ನನ್ನ ಕುಪ್ಪಸಕ್ಕೆ ತೋಳು ಬಿಗಿಯಾದರೆ ಕೇಳದೆಯೇ ಬಿಚ್ಚಿ ಹೊಲಿದು ಕೊಡುತ್ತಿದ್ದವನು. ಮೇಜಿನ ಮೇಲಿನ ತಟ್ಟೆಯನ್ನೂ ತೆಗೆದುಕೊಳ್ಳದೆ ಹೊರಟುಹೋದ. ಇನ್ನು ಮುಂದೆ ಬರಬೇಡಿ ಎಂದು ಮೇಷ್ಟ್ರು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ನಾನು ಇವರ ಹೆಗಲು ಮುಟ್ಟಿದೆ, ಎದ್ದರು.

ಬೀದಿಯಲ್ಲಿ ಇವರು ಎಂದಿಗಿಂತ ನೆಟ್ಟಗೆ ನಡೆದರು. ಅಡ್ಡರಸ್ತೆಯಲ್ಲಿ ಒಂದು ಬಸ್ಸು ಹಾರ್ನು ಒತ್ತಿ ಒತ್ತಿ ಬರುತ್ತಿದ್ದರೂ ಕಾಲು ಮುಂದಿಟ್ಟರು. ತೋಳು ಹಿಡಿದು ಹಿಂದಕ್ಕೆ ಎಳೆದೆ. "ನೋಡಿದೆ, ನೋಡಿದೆ," ಎಂದು ಗದರಿ ತೋಳು ಕೊಡವಿಕೊಂಡರು. ನಾನು ಮತ್ತೆ ಹಿಡಿದುಕೊಂಡೆ. ಈ ಸಲ ಕೊಡವಲಿಲ್ಲ.

ನಮ್ಮ ಮನೆ ಎರಡನೆಯ ಮಹಡಿ. ಮೆಟ್ಟಿಲು ಹತ್ತಿ ಬಂದು ನಾನು ಬೀಗಕ್ಕೆ ಕೀಲಿ ಹಾಕುವಾಗ ಇವರು ಹಿಂದಿನಿಂದ ಕೇಳಿದರು.

"ಮೇಷ್ಟ್ರು ನಿನ್ನ ಏನೋ ಕೇಳಿದ್ರಲ್ಲ. ಏನು ಕೇಳಿದ್ರು?"

ಕೀಲಿಯನ್ನು ಹಾಗೇ ಬಿಟ್ಟು ತಿರುಗಿ, ಮೆಟ್ಟಿಲಿನ ಕಿಟಕಿಯ ಬೆಳಕು ನನ್ನ ಮುಖಕ್ಕೆ ಬೀಳುವ ಹಾಗೆ ನಿಂತೆ. "ನಿಮಗೆ ಗೊತ್ತಿತ್ತಾ ಅಂತ ಕೇಳಿದ್ರು. ಗೊತ್ತಿತ್ತು ಅಂದೆ."

ಇವರ ಕಣ್ಣು ನನ್ನ ತುಟಿಯಿಂದ ಮೇಲಕ್ಕೆ ಬಂದು ನನ್ನ ಕಣ್ಣಿನಲ್ಲಿ ನಿಂತಿತು. ಈಗ ಅನುಮಾನ ಆ ಕಡೆ ಇತ್ತು.

"ಏನು ಗೊತ್ತಿತ್ತು ನಿನಗೆ?"

ಎದುರು ಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಆ ಮನೆಯಾಕೆ ಪಾತ್ರೆ ಎತ್ತಿಡುತ್ತಿದ್ದಳು. ಈ ವಿಷಯ ಒಂದು ನರಪಿಳ್ಳೆಯ ಕಿವಿಗೂ ಬೀಳಬಾರದು ಎಂದು ಇವರು ಅಷ್ಟು ದೊಡ್ಡ ಬೆಲೆ ಕೊಟ್ಟಾಗಿತ್ತು. ಅದಕ್ಕೆ ನಾನು ದನಿ ಹೊರಡಿಸಲಿಲ್ಲ. ಬರೀ ತುಟಿ ಆಡಿಸಿ, ಒಂದೊಂದೇ ಮಾತು ಬಿಡಿಸಿ ಹೇಳಿದೆ. ನಿಮಗೆ ಕಿವಿ ಕೇಳಲ್ಲ ಅನ್ನೋದು ಗೊತ್ತಿತ್ತು.

ಇವರು ಗಾಬರಿಯಿಂದ ಎದುರು ಮನೆಯ ಬಾಗಿಲ ಕಡೆ ನೋಡಿದರು. ನನ್ನ ಕೈ ಗಟ್ಟಿಯಾಗಿ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು.

"ಮೆಲ್ಲಗೆ ಮಾತಾಡೇ," ಅಂದರು. "ಅವರಿಗೆಲ್ಲ ಕೇಳಿಸುತ್ತೆ."